ಐದು ದಾರಗಳು ಕೂಡಿದ ಜಾಗ

ದೆವ್ವ, ಗಾಳಿ, ಸೋಂಕು ಎಂದರೆ ನನಗೆ ಮೊದಲಿನಿಂದಲೂ ನಗು. ಸಾಗರದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಹೋಮ್ ಥಿಯೇಟರ್ ಸ್ಪೀಕರ್, ಆ್ಯಂಪ್ಲಿಫೈಯರ್ ಮಾರುವುದು, ಗಿರಾಕಿಗಳ ಮನೆಗೇ ಹೋಗಿ ಅವನ್ನು ಕೂರಿಸಿ ಕೊಡುವುದು ನನ್ನ ಕಸುಬು. ಅಟ್ಟದಲ್ಲಿ ಯಾರೋ ಓಡಾಡಿದ ಹಾಗೆ ಸಪ್ಪಳವಾಗುತ್ತದೆ ಎಂದು ಯಾರಾದರೂ ಹೇಳಿದರೆ, "ಹೆಗ್ಗಣ ಮಾರಾಯ್ರೆ, ಬೋನು ಇಡಿ" ಎಂದು ಬಾಯಿ ಮುಚ್ಚಿಸಿಬಿಡುತ್ತಿದ್ದೆ. ಸಪ್ಪಳವೆಂದ ಮೇಲೆ ಅದು ಹುಟ್ಟಿದ ಜಾಗವೊಂದು ಇರಲೇಬೇಕು, ಹುಡುಕಿದರೆ ಸಿಗಲೇಬೇಕು. ಇಪ್ಪತ್ತು ವರ್ಷ ಇದೇ ಹಮ್ಮಿನಲ್ಲಿ ಬದುಕಿದವನು ನಾನು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಕಥೆಗಳೆಲ್ಲ ಅಮಾವಾಸ್ಯೆಯ ರಾತ್ರಿ ನಡೆಯುತ್ತವಂತೆ. ನನ್ನದು ನಡೆದದ್ದು ಬೆಳಗ್ಗೆ ಹನ್ನೊಂದು ಗಂಟೆಗೆ, ಹೊಟ್ಟೆ ತುಂಬ ಅವಲಕ್ಕಿ ತಿಂದು ತೇಗಿದ ಮೇಲೆ. ನಿದ್ದೆಗಣ್ಣು ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ.

ಹೊಸನಗರದ ಶೇಖರಪ್ಪನವರು ಮಣ್ಣು ಕೆಲಸದ ಗುತ್ತಿಗೆದಾರರು. ದೊಡ್ಡ ಆಳು, ದೊಡ್ಡ ದನಿ. ಹಾಲ್ ಹೊಸದಾಗಿ ಮಾಡಿಸುತ್ತಿದ್ದೇನೆ, ಅದಕ್ಕೊಂದು ಹೋಮ್ ಥಿಯೇಟರ್ ಬೇಕು ಎಂದು ನನ್ನ ಅಂಗಡಿಗೆ ಮೂರು ಸಲ ಬಂದಿದ್ದರು. "ಗೋಡೆ ನಡುಗ್ಬೇಕು, ಅಂಥದ್ದು ಕೊಡಿ" ಎಂಬುದು ಅವರ ಹಟ. ಗೋಡೆ ನಡುಗಿಸಲು ನಿಮ್ಮ ಜೆಸಿಬಿಯೇ ಸಾಕು, ಸಿನಿಮಾದ ಮಾತು ಬಿಡಿಬಿಡಿಯಾಗಿ ಕೇಳಬೇಕಾದರೆ ನಡುವಿನ ಸ್ಪೀಕರ್ ಒಳ್ಳೆಯದಿರಬೇಕು ಎಂದು ನನ್ನ ಹಟ. ಕೊನೆಗೆ ನನ್ನ ಮಾತಿಗೇ ಒಪ್ಪಿದರು. ಆದರೆ ಆಮೇಲೆ ಎರಡು ತಿಂಗಳು ಆಸಾಮಿಯ ಸುದ್ದಿಯೇ ಇಲ್ಲ. ಬೇರೆ ಅಂಗಡಿ ಸೇರಿದರೇನೋ ಎಂದು ಒಳಗೊಳಗೇ ಸಿಟ್ಟಾಗಿದ್ದೆ. ಒಂದು ದಿನ ಫೋನ್ ಬಂತು. "ಬಂದು ಹಾಕಿ ಹೋಗಿ" ಎಂದರು, ಅಷ್ಟೇ. ಆ ದೊಡ್ಡ ದನಿ ಎಲ್ಲಿ ಹೋಯಿತೋ ಎಂದುಕೊಂಡೆ.

ಹಾಲ್ ಚೆನ್ನಾಗಿತ್ತು. ಹೊಸ ಟೈಲ್ಸ್, ಹೊಸ ಬಣ್ಣ, ನಡುವೆ ಹೊಸ ಸೋಫಾ. ಮುಂದೆ ಮೂರು, ಹಿಂದೆ ಎಡಬಲಕ್ಕೆ ಒಂದೊಂದು, ಹೀಗೆ ಐದು ಸ್ಪೀಕರ್ ಕೂರಿಸಿ ವೈರ್ ಎಳೆದು ಮುಗಿಸಿದೆ. ಈ ಕೆಲಸದಲ್ಲಿ ಒಂದು ವಿಷಯವಿದೆ. ಕೋಣೆಯಲ್ಲಿ ಎಷ್ಟೇ ಜನ ಕೂತರೂ ಐದೂ ಸ್ಪೀಕರ್ ಪೂರ್ತಿ ಸರಿಯಾಗಿ ಕೇಳುವುದು ಒಂದೇ ಜಾಗಕ್ಕೆ, ಒಬ್ಬರ ಕಿವಿಗೆ. ಆ ಜಾಗದಲ್ಲಿ ಕಿವಿಯ ಎತ್ತರಕ್ಕೆ ಒಂದು ಪುಟ್ಟ ಮೈಕ್ ಇಟ್ಟು ಗುಂಡಿ ಒತ್ತಿದರೆ, ಆ್ಯಂಪ್ ಒಂದೊಂದೇ ಸ್ಪೀಕರಿನಿಂದ 'ಚಿರ್' ಎಂದು ಸದ್ದು ಹೊರಡಿಸುತ್ತದೆ. ಸದ್ದು ಮೈಕ್ ಮುಟ್ಟಲು ಹಿಡಿದ ಹೊತ್ತಿನಿಂದ, ಯಾವ ಸ್ಪೀಕರ್ ಎಷ್ಟು ಅಡಿ ದೂರ ಎಂದು ಲೆಕ್ಕ ಹಾಕಿ ಟಿವಿಯಲ್ಲಿ ತೋರಿಸುತ್ತದೆ. ಹಾಗಾಗಿ ಎಲ್ಲ ಮನೆಯಲ್ಲೂ ಕೇಳುವಂತೆ ಇಲ್ಲೂ ಕೇಳಿದೆ.

"ಯಾರ ಕಿವಿಗೆ ಸರಿ ಮಾಡ್ಲಿ ಶೇಖರಪ್ಪನೋರೆ? ಯಾರು ಎಲ್ಲಿ ಕೂರ್ತೀರಿ?"

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. "ಯಾರಾರ ಕೂತ್ಕಳ್ಲಿ, ಸೋಫಾದ ಮೇಲೇ ಇಡಿ" ಎಂದರು.

ಫ್ಯಾನ್, ಫ್ರಿಜ್ ಆರಿಸಿ ಎಲ್ಲರೂ ಉಸಿರು ಬಿಗಿಹಿಡಿದು ನಿಂತೆವು. ಐದು ಸಲ ಚಿರ್ ಎಂದಿತು, ಲೆಕ್ಕ ಬಂತು. ನೋಡಿದರೆ ತಲೆಬುಡ ಇಲ್ಲ. ಸೋಫಾದಿಂದ ಮುಂದಿನ ಎಡ, ಬಲ ಸ್ಪೀಕರ್ ಹನ್ನೊಂದು ಹನ್ನೊಂದು ಅಡಿ, ನಡುವಿನದು ಹತ್ತು, ಹಿಂದಿನವು ಏಳೇಳು. ನಾನೇ ಟೇಪ್ ಹಿಡಿದು ಅಳೆದದ್ದು. ಟಿವಿಯಲ್ಲಿ ಎಡಕ್ಕೆ ಹದಿನಾರೂವರೆ, ಬಲಕ್ಕೆ ಹದಿಮೂರು, ನಡುವಿನದಕ್ಕೆ ಹದಿನಾಲ್ಕು, ಹಿಂದಿನ ಎಡಕ್ಕೆ ಹನ್ನೆರಡು, ಹಿಂದಿನ ಬಲಕ್ಕೆ ನಾಲ್ಕಕ್ಕೂ ಕಡಿಮೆ ಎಂದು ಬಂದಿತ್ತು.

ಮತ್ತೆ ಒತ್ತಿದೆ. ಅದೇ. ವೈರ್ ಬಿಚ್ಚಿ ಕಟ್ಟಿದೆ, ವ್ಯಾನಿನಲ್ಲಿದ್ದ ಬೇರೆ ಮೈಕ್ ತಂದು ಹಾಕಿದೆ, ಆ್ಯಂಪಿನ ಹಳೆ ಲೆಕ್ಕವನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿದೆ. ಅಡಿ ಹೋಗಲಿ, ಇಂಚೂ ಬದಲಾಗಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಎಲ್ಲಾ ನಿಮ್ಮ ಈ ನುಣುಪು ಟೈಲ್ಸ್ ಕೆಲಸ, ಸದ್ದು ಬಡಿದು ವಾಪಸ್ ಬರ್ತಿದೆ" ಎಂದು ರೇಗಿದೆ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದರು ಶೇಖರಪ್ಪನವರು. ಆ ದಿನ ಅವರು ನಕ್ಕಿದ್ದು ಅದೊಂದೇ ಸಲ.

ಅವರು ತಮಾಷೆಗೆ ಹೇಳಿದ್ದರೂ ಮಾತು ನಿಜವಾಗಿತ್ತು. ಗೋಡೆಗೋ ನೆಲಕ್ಕೋ ಬಡಿದ ಸದ್ದು ತಡವಾಗಿ ಬಂದೀತು, ದೂರ ಹೆಚ್ಚು ತೋರಿಸೀತು. ಆದರೆ ಹಿಂದಿನ ಬಲಗಡೆಯದು ಏಳು ಅಡಿ ಬದಲು ನಾಲ್ಕಕ್ಕೂ ಕಡಿಮೆ ತೋರಿಸುತ್ತಿತ್ತು. ಅಂದರೆ ಸದ್ದು ಬರಬೇಕಾದ್ದಕ್ಕಿಂತ ಮುಂಚೆಯೇ ಬಂದು ಮುಟ್ಟಿದೆ. ಅದು ಹೇಗೆ ಸಾಧ್ಯ?

ಹಟ ಬಿಡುವ ಜಾತಿ ನಾನಲ್ಲ. ಟೈಲ್ಸಿನವರು ಮಟ್ಟ ನೋಡಲು ಕಟ್ಟಿ ಬಿಟ್ಟುಹೋದ ದಾರದ ಉಂಡೆ ಮೂಲೆಯಲ್ಲಿ ಬಿದ್ದಿತ್ತು. ಟಿವಿ ಹೇಳಿದ ಅಳತೆಗೆ ಸರಿಯಾಗಿ ಐದು ದಾರ ಕತ್ತರಿಸಿ, ಪ್ರತಿ ಸ್ಪೀಕರಿಗೆ ಒಂದೊಂದು ಕಟ್ಟಿದೆ. ಐದೂ ತುದಿ ಬಿಗಿಯಾಗಿ ಎಳೆದು ಒಟ್ಟಿಗೆ ಹಿಡಿಯಲು ನೋಡುವುದು, ಅಷ್ಟೇ. ಸುಳ್ಳು ಲೆಕ್ಕವಾದರೆ ಐದು ದಾರ ಒಂದೇ ಕಡೆ ಕೂಡುವುದು ಸಾಧ್ಯವೇ ಇಲ್ಲ. ಎರಡು ಕೂಡಿದರೆ ಮೂರನೆಯದು ಸಡಿಲವಾಗಬೇಕು, ಇಲ್ಲ ಮೋಟಾಗಬೇಕು.

ಕೂಡಿದವು. ಬಲಗಡೆ ಕಿಟಕಿಯ ಹತ್ತಿರ, ಏನೂ ಇಲ್ಲದ ಖಾಲಿ ಮೂಲೆಯಲ್ಲಿ, ನೆಲದಿಂದ ಎರಡೇ ಅಡಿ ಮೇಲೆ ಐದೂ ದಾರ ನನ್ನ ಮುಷ್ಟಿಯಲ್ಲಿ ಬಿಗಿಯಾಗಿ ನಿಂತವು. ನಾನು ಮೊಣಕಾಲೂರಿ ಕೂತಿದ್ದೆ. ಗೆದ್ದ ಖುಷಿಯಲ್ಲಿ, ನನ್ನ ಬಾಯಿಗೆ ಬುದ್ಧಿ ಇಲ್ಲ ನೋಡಿ, "ಇಲ್ಲಿ ಯಾರು ಮಲ್ಕೊಂಡು ಸಿನಿಮಾ ನೋಡ್ತಾರೆ ಮಾರಾಯ್ರೆ?" ಎಂದು ಜೋರಾಗಿ ನಕ್ಕೆ.

ಶೇಖರಪ್ಪನವರ ಹೆಂಡತಿ ಸುಜಾತಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ನನ್ನ ಕೈಯನ್ನೇ ನೋಡುತ್ತ, "ಗೌರಕ್ಕನ ದಿಂಬು ಅಲ್ಲೇ ಇತ್ತಲ್ರೀ" ಎಂದರು.

ಶೇಖರಪ್ಪನವರು ನೆಲದ ಮೇಲೆ ಕುಸಿದು ಕೂತರು. ಅಷ್ಟು ದೊಡ್ಡ ಗಂಡಸು ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಳುತ್ತಲೇ ಹೇಳಿದರು. ಗೌರಕ್ಕ ಅವರ ಒಡಹುಟ್ಟಿದ ಅಕ್ಕ. ತಾಯಿ ಸತ್ತ ಮೇಲೆ ಇವರನ್ನು ಸಾಕಿದವಳು, ಅದೇ ಕಾರಣಕ್ಕೆ ಮದುವೆಯೂ ಬೇಡವೆಂದವಳು. ಲಕ್ವ ಹೊಡೆದು ನಾಲ್ಕು ವರ್ಷದಿಂದ ಆ ಕಿಟಕಿ ಪಕ್ಕದ ಮಂಚದಲ್ಲೇ ಇದ್ದಳು. ಬಂದವರ ಜೊತೆ ಮಾತು, ಎದುರಿಗೆ ಟಿವಿ, ಅಷ್ಟೇ ಅವಳ ಲೋಕ. ಹಾಲ್ ಕೆಲಸ ಶುರುವಾದಾಗ ಅವಳನ್ನು ಹಿಂದಿನ ಕೋಣೆಗೆ ಸಾಗಿಸಿದರು. ಬೇಡವೆಂದು ಅತ್ತಳಂತೆ.

"ಹದಿನೈದೇ ದಿನ ಅಕ್ಕಾ, ಕೆಲ್ಸ ಮುಗಿದ ಮ್ಯಾಲೆ ಮತ್ತೆ ಇಲ್ಲೇ ಮಲಗಿಸ್ತೀನಿ, ದೊಡ್ಡ ಸೌಂಡಲ್ಲಿ ಟಿವಿ ನೋಡಾಕೆ ಅಂತ ಮಾತು ಕೊಟ್ಟಿದ್ದೆ. ಹತ್ತನೇ ದಿನ ಆ ಕತ್ಲೆ ಕೋಣೇಲೇ ಹೋಗ್ಬಿಟ್ಲು. ನನ್ ಮ್ಯಾಲೆ ಸಿಟ್ ಮಾಡ್ಕಂಡೇ ಹೋದ್ಲೇನೋ."

ಈ ಗೌರಕ್ಕ ಎಂಬ ಹೆಸರನ್ನು ನಾನು ಅದಕ್ಕೆ ಮೊದಲು ಕೇಳಿಯೇ ಇರಲಿಲ್ಲ. ಆ ಹೊಸ ಹಾಲ್‌ನಲ್ಲಿ ಮಂಚದ ಗುರುತೂ ಇರಲಿಲ್ಲ. ನನ್ನ ಮುಷ್ಟಿ ಇನ್ನೂ ಅಲ್ಲೇ ಇತ್ತು, ಮಲಗಿದ ಹೆಂಗಸಿನ ಕಿವಿ ಇರಬೇಕಾದ ಜಾಗದಲ್ಲಿ. ಅದು ಹೊಳೆದದ್ದೇ ತಡ, ಅಯ್ಯೋ ದೇವರೇ ಎಂದು ದಾರ ಬಿಟ್ಟುಬಿಟ್ಟೆ. ಓಡಿಹೋಗೋಣ ಎನ್ನಿಸಿದ್ದು ಸುಳ್ಳಲ್ಲ.

ಮೈಕಿನ ಲೆಕ್ಕ ಅಳಿಸಿ, ಸೋಫಾದ ಅಳತೆಯನ್ನು ಕೈಯಾರೆ ತುಂಬುತ್ತೇನೆ ಎಂದೆ. ಶೇಖರಪ್ಪನವರು ಕೈ ಹಿಡಿದು ತಡೆದರು. "ಬ್ಯಾಡ. ಅವ್ಳಿಗೆ ಸರಿಯಾಗೈತಲ್ಲ, ಹಂಗೇ ಬಿಡಿ. ಆ ಗುಂಡಿ ಒತ್ತೋದು ನಂಗೂ ಹೇಳ್ಕೊಡಿ." ಹೇಳಿಕೊಟ್ಟು ಬಂದೆ. ಸಂಜೆಯೊಳಗೆ ಮಂಚ ಮತ್ತೆ ಕಿಟಕಿ ಪಕ್ಕಕ್ಕೆ ಬಂತೆಂದು ಆಮೇಲೆ ತಿಳಿಯಿತು.

ಆಗಾಗ ಫೋನ್ ಮಾಡುತ್ತಿದ್ದರು. ಪ್ರತಿ ಭಾನುವಾರ ತಾವೇ ಸೋಫಾದ ಮೇಲೆ ಮೈಕಿಟ್ಟು ಗುಂಡಿ ಒತ್ತುತ್ತಾರೆ, ಪ್ರತಿ ಸಲ ಅದೇ ಅಳತೆ, ಕಿಟಕಿ ಪಕ್ಕದ್ದು. "ಅಲ್ಲೇ ಅದಾಳೆ" ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಅದೇ ಕಂಪನಿಯ ಅದೇ ಆ್ಯಂಪನ್ನು ಬೇರೆ ಮನೆಗಳಲ್ಲೂ ಹಾಕಿದ್ದೇನೆ, ಎಲ್ಲೂ ಹೀಗಾಗಿಲ್ಲ.

ಏಳೆಂಟು ತಿಂಗಳಾದ ಮೇಲೆ, ತಾಳಗುಪ್ಪದ ಒಂದು ಮನೆಯಲ್ಲಿ ಏಣಿ ಹತ್ತಿ ಸ್ಪೀಕರ್ ಬಿಗಿಯುತ್ತಿದ್ದಾಗ ಅವರ ಫೋನ್ ಬಂತು.

"ಇವತ್ತು ಹನ್ನೊಂದು, ಹನ್ನೊಂದು, ಹತ್ತು, ಏಳು, ಏಳು ಅಂತ ತೋರಿಸ್ತಾ ಐತೆ ಮಾರಾಯ್ರೆ. ಮೂರ್ ಸಲ ಒತ್ತಿದೆ. ನೀವೇನಾರ ಮಾಡಿದ್ರಾ?"

ನಾನೇನೂ ಮಾಡಿರಲಿಲ್ಲ. ಅದು ಸೋಫಾದ ಅಳತೆ. ಮೈಕ್ ಇರುವ ಜಾಗದ ಸರಿಯಾದ ಅಳತೆ, ಮೊದಲ ದಿನವೇ ಬರಬೇಕಾಗಿದ್ದದ್ದು. ನನ್ನ ಕಸುಬಿನಲ್ಲಿ ಸರಿಯಾದ ಲೆಕ್ಕ ಕೇಳಿ ಹೆದರಿದ್ದು ಅದೊಂದೇ ಸಲ. ಏಣಿಯ ಮೆಟ್ಟಿಲ ಮೇಲೇ ಕೂತುಬಿಟ್ಟೆ.

"ಹೇಳಿ ಮತ್ತೆ" ಎಂದರು ಶೇಖರಪ್ಪನವರು. "ನಾಲ್ಕ್ ವರ್ಷ ಏಳದೇ ಇದ್ದೋಳು ಎದ್ದು ಸೋಫಾಕ್ಕೆ ಬಂದ್ಲಾ, ಇಲ್ಲಾ ಹೋಗೇಬಿಟ್ಲಾ?"

ಏನಾದರೂ ಹೇಳಬೇಕಲ್ಲ ಎಂದು, "ನೀವೀಗ ಎಲ್ಲಿ ಕೂತಿದ್ದೀರಿ?" ಎಂದು ಕೇಳಿದೆ.

"ನೆಲದ ಮ್ಯಾಲೆ" ಎಂದರು. "ಸೋಫಾ ಖಾಲಿ ಬಿಟ್ಟೀನಿ."