ತಮ್ಮನಿಗಾಗಿ ಒಂದು ದೂರು

ನನ್ನ ತಮ್ಮ ಸಮುದ್ರದಾಚೆಯ ಒಂದು ದೇಶದಲ್ಲಿ ಕಟ್ಟಡ ಕಂಪನಿಯ ಸೂಪರ್‌ವೈಸರ್ ಆಗಿದ್ದ. ಮುದ್ದೇಬಿಹಾಳದ ನಮ್ಮ ಮನೆಯಲ್ಲಿ ಕನ್ನಡ, ಉರ್ದು ಎರಡೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಅಲ್ಲಿಗೆ ಹೋದ ಮೇಲೆ ಅವನು ಅಲ್ಲಿಯ ಭಾಷೆಯನ್ನೂ ಬೇಗ ಕಲಿತ. ಹಾಗಾಗಿ ಕೂಲಿಯವರು ಏನೇ ಬರೆಸಬೇಕಿದ್ದರೂ ಅವನ ಕೋಣೆಗೇ ಬರುತ್ತಿದ್ದರು. ಒಂದು ಬೇಸಿಗೆಯಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ ಕೆಲಸ ನಿಲ್ಲಿಸಿ, ಕುಡಿಯಲು ತಣ್ಣನೆಯ ನೀರು ಕೊಡಿ ಎಂದು ಅವರೆಲ್ಲರ ಪರವಾಗಿ ಅಲ್ಲಿಯ ಕಾರ್ಮಿಕ ಕಚೇರಿಗೆ ಒಂದು ಮನವಿ ಬರೆದುಕೊಟ್ಟ. ಅದಾದ ಕೆಲವೇ ದಿನಗಳಲ್ಲಿ ಸಾದಾ ಬಟ್ಟೆ ತೊಟ್ಟ ಇಬ್ಬರು ಸೈಟಿಗೆ ಬಂದು ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರು.

ಈ ಸುದ್ದಿ ಬಂದದ್ದು ಇಂಡಿಗೆ, ಅವನ ಹೆಂಡತಿಯ ತವರಿಗೆ. ಅವಳು ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದಳು. ಜೊತೆಗೆ ಕೆಲಸ ಮಾಡುವವನೊಬ್ಬ ಫೋನ್ ಮಾಡಿ, ಕರೆದೊಯ್ದರು ಎಂದಷ್ಟೇ ಹೇಳಿ ಇಟ್ಟುಬಿಟ್ಟನಂತೆ. ಅವನ ಅಕ್ಕನಾದ ನಾನು ಆಗ ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಅವಳ ಫೋನ್ ಬಂದಾಗ ತರಗತಿಯ ಹೊರಗೆ ನಿಂತು ಕೇಳಿಸಿಕೊಂಡೆ. ಮತ್ತೆ ಒಳಗೆ ಹೋಗಿ ಪಾಠ ಮುಗಿಸಿದೆ. ಏನು ಕಲಿಸಿದೆನೋ ನೆನಪಿಲ್ಲ.

ಮುಂದಿನ ತಿಂಗಳುಗಳಲ್ಲಿ ನಾವು ತಟ್ಟದ ಬಾಗಿಲಿಲ್ಲ. ರಾಯಭಾರ ಕಚೇರಿಯವರು ವಿಚಾರಿಸುತ್ತಿದ್ದೇವೆ, ಅಲ್ಲಿಂದ ಇನ್ನೂ ಮಾಹಿತಿ ಬಂದಿಲ್ಲ ಎಂದರು. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ, ಅವರಿಗೂ ಆ ದೇಶ ಏನನ್ನೂ ತಿಳಿಸಿರಲಿಲ್ಲ. ನಮ್ಮ ತಾಯಿ, ಅಮ್ಮಿ, ಊಟಕ್ಕೆ ಕೂತಾಗಲೆಲ್ಲ ಅವನು ಉಂಡಿರುತ್ತಾನೋ ಇಲ್ಲವೋ ಎಂದು ಕೇಳುವುದನ್ನು ಕೊನೆಗೆ ಬಿಟ್ಟೇಬಿಟ್ಟಳು. ಅವಳು ಸುಮ್ಮನಾದದ್ದೇ ನನಗೆ ಹೆಚ್ಚು ಹೆದರಿಕೆ ತಂದಿತು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಂದಗಿಯ ಕೋರ್ಟಿನಲ್ಲಿ ವಕೀಲೆ. ಅವಳ ಕೆಲಸವೆಲ್ಲ ಹೊಲದ ಪಾಲು, ಬದುವಿನ ಜಗಳ. ಆದರೂ ಕಾನೂನು ತಿಳಿದವಳು ಎಂದು ಅವಳ ಬಳಿ ಹೋದೆ. ಅವಳು ಎಲ್ಲವನ್ನೂ ಕೇಳಿ, ಇಂಥ ದೂರುಗಳನ್ನು ಪರಿಶೀಲಿಸುವ ಒಂದು ಅಂತರರಾಷ್ಟ್ರೀಯ ಮಂಡಳಿ ಇದೆ ಎಂದಳು. ಓದುವಾಗ ಅದರ ಬಗ್ಗೆ ಒಂದು ಪಾಠವಿತ್ತಂತೆ. ಬೇರೆ ಬೇರೆ ದೇಶಗಳ ಐವರು ತಜ್ಞರು, ಯಾವ ಸರ್ಕಾರದ ನೌಕರರೂ ಅಲ್ಲ. ಮನುಷ್ಯನನ್ನು ಕಾನೂನಿಲ್ಲದೆ ಹಿಡಿದಿಟ್ಟರೆ, ಮಾತಾಡಿದ್ದಕ್ಕೋ ಜನ ಸೇರಿಸಿದ್ದಕ್ಕೋ ಹಿಡಿದಿಟ್ಟರೆ, ನ್ಯಾಯಾಧೀಶರ ಮುಂದೆ ನಿಲ್ಲಿಸದೆ ಇಟ್ಟರೆ, ಅದು ಮನಬಂದಂತೆ ಮಾಡಿದ ಬಂಧನವೇ ಅಲ್ಲವೇ ಎಂದು ನೋಡುವುದು ಅವರ ಕೆಲಸ. ಅದಕ್ಕೆ ಆ ದೇಶದ ಕೋರ್ಟುಗಳನ್ನೆಲ್ಲ ಮೊದಲು ಹತ್ತಿಳಿಯಬೇಕಾಗಿಲ್ಲ, ಕುಟುಂಬದವರೇ ದೂರು ಕೊಡಬಹುದು ಎಂದೂ ಹೇಳಿದಳು.

ಮುಂದಿನ ಭಾನುವಾರ ಅವಳೇ ಮುದ್ದೇಬಿಹಾಳಕ್ಕೆ ಬಂದಳು. ತಮ್ಮನ ಹೆಂಡತಿಯೂ ಇಂಡಿಯಿಂದ ಬಂದಿದ್ದಳು. ಅಮ್ಮಿ ಚಾ ಕೊಟ್ಟು ಎದುರಿಗೇ ಕೂತಳು.

"ಆ ಐದು ಮಂದಿ ಕೈಯಾಗ ಪೊಲೀಸ್ರು ಅದಾರೇನು?" ಎಂದು ಕೇಳಿದಳು.

"ಇಲ್ರಿ ಅಮ್ಮಾ. ಬಿಡ್ರಿ ಅಂತ ಹೇಳ್ತಾರ, ಬಿಡಿಸಿಕೊಂಡು ಬರಾಕ ಅವರಿಂದ ಆಗಂಗಿಲ್ಲ."

"ಮತ್ತ ಅವರ ಮಾತು ಯಾಕ ಕೇಳ್ತಾರ?"

"ಕೇಳೇ ಕೇಳ್ತಾರಂತ ನಾ ಹೇಳಂಗಿಲ್ರಿ. ಆದ್ರ ಈಗ ಆ ಸರ್ಕಾರದವರನ್ನ ಕೇಳವರ ಯಾರೂ ಇಲ್ಲ. ಇವರು ಕೇಳ್ತಾರ. ಎಲ್ಲಿಟ್ಟೀರಿ, ಯಾಕಿಟ್ಟೀರಿ, ಯಾವ ಕಾಯ್ದೆ ಅಂತ ಬರೆದು ಕೇಳ್ತಾರ. ಉತ್ತರ ಕೊಡ್ಲಿ, ಬಿಡ್ಲಿ, ಕೊನಿಗೆ ತಮ್ಮ ತೀರ್ಮಾನ ಇಡೀ ಜಗತ್ತಿಗೆ ಕಾಣೂ ಹಂಗ ಪ್ರಕಟ ಮಾಡ್ತಾರ."

ಅಮ್ಮಿ ಸೊಸೆಯ ಮುಖ ನೋಡಿದಳು. ಒಪ್ಪಿಗೆ ಕೊಡಬೇಕಾದವಳು ಅವಳು. ದೂರು ಕೊಟ್ಟರೆ ಅಲ್ಲಿಯವರಿಗೆ ಸಿಟ್ಟು ಬಂದು ಅವನಿಗೇ ತೊಂದರೆಯಾದರೆ ಎಂಬ ಭಯ ಅವಳನ್ನು ತಿಂಗಳುಗಟ್ಟಲೆ ತಿಂದಿತ್ತು. ವಕೀಲೆ ಆ ಭಯವನ್ನು ತಳ್ಳಿಹಾಕಲಿಲ್ಲ. ಹಾಗೆಯೂ ಆಗಬಹುದು, ಆಗದೆಯೂ ಇರಬಹುದು, ಒತ್ತಾಯ ಮಾಡುವುದಿಲ್ಲ ಎಂದಳು. ತಮ್ಮನ ಹೆಂಡತಿ ಎದ್ದು ಹಿತ್ತಲಿಗೆ ಹೋದಳು. ಬಟ್ಟೆ ಒಣಗಿದ್ದವೇನೋ, ಒಂದೊಂದಾಗಿ ತೆಗೆದು ಮಡಚುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ಬಟ್ಟೆಯ ಗಂಟನ್ನು ಎದೆಗೊತ್ತಿಕೊಂಡೇ ಒಳಗೆ ಬಂದು, "ಬರೀರಿ" ಎಂದಳು.

ಮಂಡಳಿ ಕೇಳುವ ಪ್ರಶ್ನೆಗಳು ಸರಳವಾಗಿದ್ದವು. ಉತ್ತರಗಳೇ ಕಷ್ಟ. ಯಾವಾಗ ಹಿಡಿದರು, ಹಿಡಿದವರು ಯಾರು, ವಾರಂಟ್ ತೋರಿಸಿದರೇ, ಕಾರಣ ಹೇಳಿದರೇ, ಈಗ ಎಲ್ಲಿದ್ದಾನೆ, ವಕೀಲರನ್ನು ಕೊಟ್ಟಿದ್ದಾರೆಯೇ. ತಮ್ಮನ ಹೆಂಡತಿ, ಹೊಡೆದಿರುತ್ತಾರೆ, ಅದನ್ನೂ ಸೇರಿಸಿ ಎಂದಳು. ವಕೀಲೆ ಪೆನ್ನು ಕೆಳಗಿಟ್ಟಳು.

"ಹೊಡೆದಿರಬಹುದು. ನಾವು ನೋಡಿಲ್ಲ, ನೋಡಿದವರೂ ಹೇಳಿಲ್ಲ. ಗೊತ್ತಿಲ್ಲದ್ದು ಗೊತ್ತಿಲ್ಲ ಅಂತನ ಬರಿಯೂಣು. ಒಂದು ಮಾತು ಸುಳ್ಳಾತಂದ್ರ ಉಳದದ್ದೂ ಹಂಗ ಅಂದುಬಿಡ್ತಾರ."

ಹೀಗೆ ಅರ್ಧಕ್ಕರ್ಧ 'ಗೊತ್ತಿಲ್ಲ' ಎಂದೇ ಇದ್ದ ದೂರನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ. ಮಕ್ಕಳಿಗೆ ವ್ಯಾಕರಣ ಕಲಿಸುತ್ತ ಇಷ್ಟು ವರ್ಷ ಕಳೆದಿದ್ದೇನೆ. 'ಅವನನ್ನು ಕರೆದೊಯ್ಯಲಾಯಿತು' ಎಂಬ ಕರ್ಮಣಿ ವಾಕ್ಯ ಇಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ. ವಕೀಲೆ ಅದನ್ನು ತಿದ್ದಿ ಕಳುಹಿಸಿದಳು. ದೂರು ಕೊಟ್ಟವರು ಯಾರೆಂದು ಆ ಸರ್ಕಾರಕ್ಕೆ ಹೇಳುವುದಿಲ್ಲ, ಕೇವಲ ವಿಷಯವನ್ನು ಮುಂದಿಡುತ್ತಾರೆ ಎಂದು ತಿಳಿದಾಗ ಅಮ್ಮಿಗೆ ತುಸು ಧೈರ್ಯ ಬಂತು.

ದೂರು ತಲುಪಿದೆ, ಸರ್ಕಾರಕ್ಕೆ ಕಳುಹಿಸಿದ್ದೇವೆ, ಉತ್ತರಿಸಲು ಎರಡು ತಿಂಗಳ ಕಾಲಾವಕಾಶ ಕೊಟ್ಟಿದ್ದೇವೆ ಎಂದು ಮಂಡಳಿಯಿಂದ ತಿಳಿದುಬಂತು. ಎರಡು ತಿಂಗಳಾದ ಮೇಲೆ ಇನ್ನಷ್ಟು ಸಮಯ ಕೇಳಿದ್ದಾರೆ ಎಂದಾಯಿತು. ನನಗೆ ಸಿಟ್ಟು ಬಂತು. ವಕೀಲೆ ಮಾತ್ರ ಖುಷಿಯಾಗಿದ್ದಳು. ಸಮಯ ಕೇಳಿದ್ದಾರೆಂದರೆ ಉತ್ತರ ಬರೆಯುತ್ತಿದ್ದಾರೆ ಎಂದರ್ಥ ಎಂದಳು.

ಉತ್ತರ ಬಂದ ದಿನ ಅವಳು ಫೋನಿನಲ್ಲಿ ಹೇಳದೆ, ದೇವರ ಹಿಪ್ಪರಗಿ ಹಾದು ಬಾಗೇವಾಡಿಗೇ ಬಂದಳು. ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಓದಿದೆವು. ಆ ಸರ್ಕಾರ ನಮ್ಮ ದೂರನ್ನೆಲ್ಲ ಅಲ್ಲಗಳೆದಿತ್ತು. ಅವನು ಕೂಲಿಗಳನ್ನು ಎತ್ತಿಕಟ್ಟಿದ, ದೇಶದ ಭದ್ರತೆಗೆ ಅಪಾಯ ತಂದ, ತನಿಖೆ ನಡೆಯುತ್ತಿದೆ, ಎಲ್ಲವೂ ಕಾನೂನಿನಂತೆಯೇ ಇದೆ ಎಂದು ಬರೆದಿದ್ದರು. ಕೊನೆಯಲ್ಲಿ ಒಂದು ಸಾಲಿತ್ತು: ಬಂಧಿತನನ್ನು ಇಂಥ ಊರಿನ ಕೇಂದ್ರದಲ್ಲಿ ಇರಿಸಲಾಗಿದೆ, ವೈದ್ಯರು ಪರೀಕ್ಷಿಸಿದ್ದಾರೆ, ಆರೋಗ್ಯ ಸ್ಥಿರವಾಗಿದೆ.

ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಅವನನ್ನು ಅಪರಾಧಿ ಎನ್ನುತ್ತಿದ್ದವರೇ ಅವನು ಬದುಕಿದ್ದಾನೆ ಎಂದು ಮೊದಲ ಸಲ ಹೇಳಿದ್ದರು. ಸಹೋದ್ಯೋಗಿಗಳೆದುರಿಗೇ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅಮ್ಮಿಗೆ ಫೋನ್ ಮಾಡಿ ಕನ್ನಡದಲ್ಲಿ ಹೇಳಿದಾಗ, ಮತ್ತೊಮ್ಮೆ ಹೇಳು ಎಂದಳು. ಹೇಳಿದೆ. 'ಸ್ಥಿರ' ಅಂದರೆ ಏನು ಎಂದು ಕೇಳಿದಳು.

"ಆರಾಮ ಅದಾನ ಅಂತ ಅಮ್ಮಿ."

"ಹಂಗ ಹೇಳಬಾರದೇನ ಮತ್ತ."

ವಕೀಲೆ ಅದೇ ಕಾಗದವನ್ನು ಬೇರೆ ರೀತಿಯಲ್ಲಿ ಓದುತ್ತಿದ್ದಳು. ಮಂಡಳಿ ಸರ್ಕಾರದ ಉತ್ತರವನ್ನು ನಮಗೆ ಕಳುಹಿಸುವುದು, ಅದಕ್ಕೆ ನಾವೇನಾದರೂ ಹೇಳುವುದಿದ್ದರೆ ಹೇಳಲೆಂದೇ. "ಇಷ್ಟುದ್ದ ಬರದಾರ ಅಕ್ಕೋರ. ಯಾವ ಜಡ್ಜ್ ಮುಂದ ನಿಲ್ಲಿಸೀವಿ ಅನ್ನೂದು ಎಲ್ಲೂ ಇಲ್ಲ ನೋಡ್ರಿ" ಎಂದಳು. ಆಪಾದನೆ ಇನ್ನೂ ಹೊರಿಸಿಲ್ಲ, ವಕೀಲರಿಲ್ಲ, ಮನವಿ ಬರೆದದ್ದನ್ನೇ ಅಪರಾಧ ಎನ್ನುತ್ತಿದ್ದಾರೆ. ನಾವು ಅಷ್ಟನ್ನೇ ಶಾಂತವಾಗಿ ಬರೆದು ಕಳುಹಿಸಿದೆವು. ಬೈಗುಳದ ಒಂದು ಪದವೂ ಅದರಲ್ಲಿರಲಿಲ್ಲ.

ಆಮೇಲೆ ವಿಚಾರಣೆ, ಸಾಕ್ಷಿ ಎಂದು ಯಾರೂ ಕರೆಯಲಿಲ್ಲ. ಐವರು ತಮ್ಮ ಸಭೆಯಲ್ಲಿ ಕೂತು ಎರಡೂ ಕಡೆಯ ಕಾಗದ ಓದಿ ಚರ್ಚಿಸುತ್ತಾರಂತೆ, ಅಷ್ಟೇ. ಮರುವರ್ಷದ ಮಳೆಗಾಲ ಮುಗಿದು ಬಿಳಿಜೋಳ ಬಿತ್ತುವ ಹೊತ್ತಿಗೆ ಅವರ ಅಭಿಪ್ರಾಯ ಬಂತು. ಈ ಬಂಧನ ಮನಬಂದಂತೆ ಮಾಡಿದ್ದು. ಅವನನ್ನು ಕೂಡಲೇ ಬಿಡಬೇಕು, ಪರಿಹಾರ ಕೊಡಬೇಕು, ಏನು ಕ್ರಮ ಕೈಗೊಂಡಿರಿ ಎಂದು ಆರು ತಿಂಗಳೊಳಗೆ ತಿಳಿಸಬೇಕು. ನೀರು ಕೇಳುವುದು, ಒಟ್ಟಾಗಿ ಕೇಳುವುದು ಮನುಷ್ಯರ ಹಕ್ಕು ಎಂಬ ಅರ್ಥದ ಮಾತೂ ಇತ್ತು. ಅಮ್ಮಿ ಅದನ್ನು ಕೇಳಿ, "ಅಷ್ಟ ಅಲ್ಲೇನು ಅಂವ ಮಾಡಿದ್ದು" ಎಂದಳು. ಬಹಳ ದಿನದ ಮೇಲೆ ಅವಳು ಓಣಿಯವರ ಮನೆಗೆ ತಾನಾಗಿ ಹೋಗಿ ಕೂತು ಬಂದಳು.

ಬಿಡುಗಡೆ ತಕ್ಷಣ ಆಗಲಿಲ್ಲ. ಚಳಿಗಾಲ ಕಳೆಯುತ್ತಿದ್ದಾಗ ಒಂದು ಬೆಳಗ್ಗೆ ಅವನೇ ಹೆಂಡತಿಗೆ ಫೋನ್ ಮಾಡಿದ. ವಿಮಾನ ನಿಲ್ದಾಣದಲ್ಲಿದ್ದೇನೆ, ಕಳುಹಿಸುತ್ತಿದ್ದಾರೆ ಎಂದ. ಮಂಡಳಿ ಹೇಳಿದ್ದಕ್ಕೆ ಬಿಟ್ಟೆವು ಎಂದು ಯಾರೂ ಎಲ್ಲಿಯೂ ಬರೆಯಲಿಲ್ಲ. ಪರಿಹಾರ ಇಂದಿಗೂ ಬಂದಿಲ್ಲ.

ಅವನು ತೆಳ್ಳಗಾಗಿದ್ದ. ಹೊಡೆದರೇ ಎಂದು ನಾವು ಕೇಳಲಿಲ್ಲ. ಅವನೇ, ಹೊಡೆಯಲಿಲ್ಲ, ಮಾತಾಡಿಸಲೂ ಇಲ್ಲ, ಅದೇ ಕಷ್ಟವಾಗಿತ್ತು ಎಂದ. ಒಂದು ದಿನ ಅಧಿಕಾರಿಯೊಬ್ಬ ಬಂದು, ನಿನಗೆ ಹೊರಗೆ ಯಾರು ಗೊತ್ತು, ನಿನ್ನ ಬಗ್ಗೆ ಕೇಳಿ ಬರೆದಿದ್ದಾರೆ ಎಂದನಂತೆ. ಯಾರೂ ಗೊತ್ತಿಲ್ಲ ಎಂದು ಇವನು ಪ್ರಾಮಾಣಿಕವಾಗಿಯೇ ಹೇಳಿದ. ಆ ವಾರವೇ ವೈದ್ಯರು ಬಂದರು, ಕಿಟಕಿಯಿರುವ ಕೋಣೆ ಸಿಕ್ಕಿತು. "ಯಾರೋ ಕೇಳಾಕತ್ತಾರ ಅನ್ನೂದು ಗೊತ್ತಾದ ಮ್ಯಾಲ ನಿದ್ದಿ ಬಂತು ಆಪಾ" ಎಂದ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಅವನನ್ನು ಸಿಂದಗಿಗೆ ಕರೆದುಕೊಂಡು ಹೋದೆ. ಕೋರ್ಟಿನ ಅಂಗಳದಲ್ಲಿ ಕಕ್ಷಿದಾರರ ಗುಂಪು. ವಕೀಲೆ ಕರಿಕೋಟಿನಲ್ಲಿ ಯಾವುದೋ ಪಾಲಿನ ಕೇಸಿನ ಅಣ್ಣತಮ್ಮಂದಿರನ್ನು ಸಮಾಧಾನ ಮಾಡುತ್ತಿದ್ದಳು. ನಾನು ಚಾ ಹೇಳಲು ಹೋಗಿದ್ದೆ. ತಮ್ಮ ಒಬ್ಬನೇ ಅವಳ ಮುಂದೆ ಹೋಗಿ ನಿಂತ. ಅವಳು ಅವನನ್ನು ಪಾಸ್‌ಪೋರ್ಟಿನ ಸಣ್ಣ ಫೋಟೊದಲ್ಲಿ ನೋಡಿದ್ದಳೇ ಹೊರತು ಎದುರಿಗೆ ಕಂಡವಳಲ್ಲ.

"ನಿಮ್ದ್ಯಾವ ಕೇಸ್ ರೀ?" ಎಂದು ಕೇಳಿದಳು.

"ನೀವು ಬರದು ಕಳಸಿದ್ರಲ್ಲ ಮೇಡಮ್ಮಾರ, ಆ ಕೇಸ್ ನಾನರಿ."

ಅವಳು ಒಂದು ಕ್ಷಣ ಅವನ ಮುಖ ನೋಡಿ, ಹಿಂದಿದ್ದ ಬೆಂಚಿನ ಮೇಲೆ ಕೂತುಬಿಟ್ಟಳು. ಪಾಲಿಗೆ ಜಗಳವಾಡುತ್ತಿದ್ದ ಅಣ್ಣತಮ್ಮಂದಿರೂ ಏನಾಯಿತೆಂದು ಬಗ್ಗಿ ನೋಡಿದರು. ನಾನು ಚಾ ಹಿಡಿದು ಬರುವಾಗ ಅವಳು ಕಣ್ಣೊರೆಸಿಕೊಂಡು ನಗುತ್ತ, ಅವನಿಗೆ ಕೂರಲು ಜಾಗ ಮಾಡಿಕೊಡುತ್ತಿದ್ದಳು.