ಫೋಟೋದ ಕೆಳಗಿನ ಸಾಲು

ಹೆಂಡತಿ ತೀರಿಕೊಂಡ ಎಂಟನೆಯ ದಿನ ನಾನೂ ಮಾವನವರೂ ಜೂಜುವಾಡಿಯ ಫ್ಲೆಕ್ಸ್ ಅಂಗಡಿಯಲ್ಲಿ ಕುಳಿತಿದ್ದೆವು. ನಮ್ಮ ಕಡೆ ಹನ್ನೊಂದರ ತಿಥಿಗೆ ಮನೆ ಮುಂದೆ ಫ್ಲೆಕ್ಸ್ ಕಟ್ಟುತ್ತಾರೆ. ಫೋಟೋ, ಹೆಸರು, ಕೆಲಸ. ಕಂಪ್ಯೂಟರಿನಲ್ಲಿ ಅವಳ ಮುಖದ ಕೆಳಗೆ ‘ಪ್ಲಾಸ್ಟಿಕ್ ಕಂಪನಿ ನೌಕರರು’ ಎಂದಿತ್ತು. ಮಾವನವರು ಬರೆಸಿದ್ದು.

ಅದನ್ನು ತೆಗೆಸಿ ಎಂದೆ. ಸೂಳಗಿರಿ ಹತ್ತಿರದ ಲ್ಯಾಬಿನಲ್ಲಿ ಅವಳು ಆರು ವರ್ಷ ಮಾಡಿದ ಪಾಲಿಮರ್ ಕೆಲಸ, ಬಂದವರಿಗೆಲ್ಲ ಪ್ಲಾಸ್ಟಿಕ್ ಬಕೆಟ್ಟಾಗಿ ಕಾಣುವುದು ನನಗೆ ಬೇಡವಾಗಿತ್ತು.

“ಪಾಲಿಮರ್ ಅಂದ್ರೆ ಪ್ಲಾಸ್ಟಿಕ್ಕೇ ಅಲ್ವೇನಪ್ಪ? ಅವ್ಳೇ ಯೋಳಿದ್ದು,” ಎಂದರು ಮಾವನವರು.

ಅದು ನಿಜ. ನಾನು ಹತ್ತನೇ ತರಗತಿ ಮುಗಿಸಿ ಲೇತ್ ಯಂತ್ರದ ಮುಂದೆ ನಿಂತವನು. ನನಗೆ ಗೊತ್ತಿದ್ದುದು ಅವಳು ಊಟದ ಹೊತ್ತಿನಲ್ಲಿ ಹೇಳಿದ್ದಷ್ಟೇ. ಅದನ್ನೇ ಹೇಳಿದೆ. ಉಗುರಿಗಿಂತ ಚಿಕ್ಕ ಚಿಪ್ಪು, ಕಂಪ್ಯೂಟರಿನೊಳಗೆ ಇರುತ್ತದಲ್ಲ, ಅಂಥದು. ಅದರೊಳಗೆ ಬೆಳಕು ಓಡುವ ದಾರಿ ಎರಡಾಗಿ ಒಡೆದು ಮುಂದೆ ಮತ್ತೆ ಸೇರುತ್ತದೆ. ಒಂದು ದಾರಿಯಲ್ಲಿ ಅವಳ ಪಾಲಿಮರ್. ಅದಕ್ಕೆ ಕರೆಂಟ್ ಕೊಟ್ಟರೆ ಆ ಕಡೆಯ ಬೆಳಕು ಒಂಚೂರು ನಿಧಾನವಾಗುತ್ತದೆ. ಸೇರುವಾಗ ಎರಡು ಕಡೆಯ ಅಲೆಗಳೂ ಒಟ್ಟಿಗೆ ಏರಿ ಇಳಿದರೆ ಬೆಳಕು. ಒಂದು ಏರುವಾಗ ಇನ್ನೊಂದು ಇಳಿದರೆ ಕತ್ತಲೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೋಟಿಗಟ್ಟಲೆ ಸಲ. ಫೋನಿನಲ್ಲಿ ನಾವು ನೋಡುವುದೆಲ್ಲ ದೂರದಿಂದ ಹೀಗೆಯೇ ಬರುತ್ತದಂತೆ.

“ಕರೆಂಟ್ ಕೊಟ್ರೆ ನಮ್ಮನೆ ಬಕೆಟ್ಟೂ ಹಂಗೇ ಮಾಡ್ತದಾ?”

“ಇಲ್ಲ ಮಾವ. ಇದ್ಕೆ ಬೇರೆ ಕಣ ಬೆರೆಸಿರ್ತಾರೆ. ಅವು ದಿಕ್ಕಿಗೊಂದು ಮಕ ಮಾಡ್ಕೊಂಡಿರ್ತವೆ. ಎಲ್ಲಾನೂ ಒಂದೇ ಕಡೆ ತಿರುಗಿಸ್ಬೇಕು. ಅದೇ ಇವ್ಳ ಕೆಲ್ಸ.”

ಕಾಯಿಸಿ ಮೆತ್ತಗೆ ಮಾಡಿ, ದೊಡ್ಡ ವೋಲ್ಟೇಜ್ ಕೊಟ್ಟರೆ ತಿರುಗುತ್ತವೆ. ಪೂರ್ತಿ ಆರುವವರೆಗೂ ಕರೆಂಟ್ ತೆಗೆಯುವಂತಿಲ್ಲ. ಬಿಸಿಯಲ್ಲೇ ತೆಗೆದರೆ ಮತ್ತೆ ಚೆಲ್ಲಾಪಿಲ್ಲಿ. ಮಧ್ಯಾಹ್ನವೆಲ್ಲ ಅವಳು ಮೀಟರ್ ನೋಡುತ್ತ ಕೂತಿರುತ್ತಿದ್ದಳು. ಫೋನು ಹೊರಗೆ, ಲಾಕರಿನಲ್ಲಿ.

ಮಾವನವರು ಕಂಪ್ಯೂಟರಿನಲ್ಲಿದ್ದ ಅವಳ ಮುಖದ ಕಡೆ ತಿರುಗಿದರು.

“ಅದ್ಕೇನಾ ನಾನು ಮಧ್ಯಾನ್ದಾಗೆ ಫೋನ್ ಮಾಡಿದ್ರೆ ಎತ್ತದೇ ಇದ್ದಿದ್ದು?”

“ಹೂಂ.”

“ಸಂಬಳ ಬಂದ್ಮೇಲೆ ಅಪ್ಪ ಬ್ಯಾಡ್ವಾಗ್ಬುಟ್ಟ ಅಂತ ಅವ್ಳ ಮಕದ್ ಮುಂದೇನೇ ಅಂದ್ಬುಟ್ಟಿದ್ದೆ ಕಣಪ್ಪ.”

ಅವಳು ನನಗೆ ಹೇಳಿರಲಿಲ್ಲ. “ಏನಂದ್ಳು?”

“ಉಪ್ಪಿನಕಾಯ್ಗೆ ಮಾವಿನಕಾಯಿ ಕೇಳಿದ್ಲು.”

“ಸಾರ್, ಬೇಗ ಯೋಳಿ,” ಎಂದ ಅಂಗಡಿಯವನು. “ಹನ್ನೆರಡಕ್ಕೆ ಕರೆಂಟ್ ಹೋಗ್ತದೆ.”

“ಬೆಳಕಿನ ಚಿಪ್ಪು ಮಾಡೋರು ಅಂತ ಹಾಕಪ್ಪ,” ಎಂದರು ಮಾವನವರು. “ಯಾರಾನ ಕೇಳಿದ್ರೆ ನಾನು ಯೋಳ್ತೀನಿ.”

ತಿಥಿಯ ದಿನ ಯಾರೂ ಕೇಳಲಿಲ್ಲ. ಬಂದವರು ಫೋಟೋ ನೋಡಿದರು, ಕೈಮುಗಿದರು, ಊಟಕ್ಕೆ ಕುಳಿತರು. ಮಾವನವರು ಕೃಷ್ಣಗಿರಿಯಿಂದ ಬಂದಿದ್ದ ನೆಂಟರೊಬ್ಬರ ಎಲೆಯ ಎದುರು ಕುಕ್ಕರಗಾಲಿನಲ್ಲಿ ಕುಳಿತು, ತಮ್ಮ ಉಗುರು ತೋರಿಸಿ ಶುರುಮಾಡಿದರು. ಪಾಯಸ ಬರುವ ಹೊತ್ತಿಗೆ ಅವರ ಮಾತಿನಲ್ಲಿ ಬೆಳಕಿನ ದಾರಿ ಎರಡಾಗಿತ್ತು. ನೆಂಟರು ಎಲೆ ಮಡಚಲು ಹೋದರು.

ಮಾವನವರು ಅವರ ಕೈ ಹಿಡಿದುಕೊಂಡರು. “ತಡೀರಿ, ಇನ್ನೂ ಸೇರಿಲ್ಲ.”