ಕೊನೆಯ ಹೊಲದವನು ಕೂಗುವವರೆಗೆ

ನಮ್ಮ ಓಣಿಯ, ಹೊಲಗಳಿಗೆ ಕಾಲುವೆ ನೀರು ಹಂಚುವ ನೀರಗಂಟಿ ಕಾಕಾನ ಬಲಗೈ ಸದಾ ಕಿವಿಯ ಹಿಂದೆ ದೊನ್ನೆಯಾಗಿರುತ್ತಿತ್ತು. ಎಡಗೈ ಇದ್ದೀತೇನೋ. ಎಲ್ಲಕ್ಕೂ ಪುರಾವೆ ಕೇಳುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತ ಮೇಲೆ ನನ್ನ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ. ಆ ಬೆರಳ ಸಂದಿಯಲ್ಲಿ ಒಣಗಿದ ಎರೆಮಣ್ಣು ಇದ್ದದ್ದು ಮಾತ್ರ ಖರೆ.

ನರಗುಂದದ ಆಚೆ ಕಾಲುವೆಯ ತೂಬು ಎತ್ತಿದ ಮೇಲೆ ಅವನು ಮನೆಗೆ ಹೊರಡುತ್ತಿರಲಿಲ್ಲ. ಕೊನೆಯ ಹೊಲದವನು "ಬಂತೂ!" ಎಂದು ಕೂಗುವವರೆಗೆ ಅಲ್ಲೇ ಕೂತು ಕಿವಿಗೊಡುತ್ತಿದ್ದ. "ತೂಬು ಎತ್ತಿದ್ರ ನೀರು ಮುಟ್ಟಿದಂಗಲ್ಲೋ ತಮ್ಮಾ," ಎನ್ನುತ್ತಿದ್ದ.

ಒಂದು ಹಿಂಗಾರಿನಲ್ಲಿ ನೀರು ಕಡಿಮೆಯಾಗಿ, ಯಾರ ಹೊಲಕ್ಕೆ ಯಾವಾಗ ನೀರು ಎಂಬ ಪಾಳಿಯನ್ನು ಹೊಸದಾಗಿ ಗೊತ್ತುಮಾಡಬೇಕಾಯಿತು. ಪಾಳಿಯ ಪಟ್ಟಿ ಮಾಡಲೆಂದು ನಾನೊಂದು ವೆಬ್ ಪುಟ ಬರೆದೆ. ಹೆಸರು, ಹೊತ್ತು ತುಂಬಿದರೆ ಪಟ್ಟಿ ಬ್ರೌಸರಿನೊಳಗೇ ತಯಾರಾಗುತ್ತಿತ್ತು. ಬೇರೆಲ್ಲೂ ಅದರ ಪ್ರತಿ ಇಲ್ಲ. ಡೌನ್‌ಲೋಡ್ ಮಾಡಿಕೊಳ್ಳದೆ ಪುಟ ಮುಚ್ಚಿದರೆ ಹೋಯಿತು. ಕಾಕಾ ಹೇಳುತ್ತ ಹೋದ, ಅವನ ಫೋನಿನಲ್ಲಿ ನಾನು ತುಂಬುತ್ತ ಹೋದೆ. ಕೊನೆಗೆ ಇಳಿಸಿಕೊಳ್ಳುವ ಗುಂಡಿ ಒತ್ತಿದೆ. "ಫೈಲ್ ಇಳಿಯಿತು" ಎಂದು ಮೂಡಿತು.

"ಎಲ್ಲೈತಿ?"

"ಬಂದೈತಿ ಕಾಕಾ. ಬರದೈತಲ್ಲ, ನೋಡು."

"ಹಂಗಂತ ಬರದಾಂವ ನೀನ ಅಲ್ಲೇನೋ?"

ನಾನು ನಕ್ಕು ಪುಟ ಮುಚ್ಚಿದೆ.

ಮರುದಿನ ಬೆಳಿಗ್ಗೆ ತೂಬಿನ ಹತ್ತಿರ ಇಬ್ಬರು ರೈತರು ಸಲಿಕೆ ಎತ್ತಿ ನಿಂತಿದ್ದರು. "ಇವತ್ತಿನ ಪಾಳಿ ನಂದು." "ನಿಂದ್ಯಾಂಗ? ಪಟ್ಟಿ ತಗೀರಿ!" ಫೋನಿನಲ್ಲಿ ಎಷ್ಟು ತಡಕಿದರೂ ಫೈಲ್ ಸಿಗಲಿಲ್ಲ. ನಾನು ಪುಟ ತೆರೆದದ್ದು ಆ ಫೋನಿಗೆ ನಾನೇ ಕಳಿಸಿದ ಮೆಸೇಜಿನ ಕೊಂಡಿ ಒತ್ತಿ. ಮೆಸೇಜ್ ಆ್ಯಪಿನ ಒಳಗೇ ತೆರೆಯುವ ಬ್ರೌಸರ್ ಕಿಟಕಿ ಫೈಲನ್ನು ಉಳಿಸಿಕೊಂಡಿರಲೇ ಇಲ್ಲ. ಗುಂಡಿ ಒತ್ತಿದೊಡನೆ, ಏನನ್ನೂ ನೋಡದೆ "ಇಳಿಯಿತು" ಎನ್ನಲು ಪುಟಕ್ಕೆ ಕಲಿಸಿದವನು ನಾನೇ. ಇನ್ನೊಂದು ಮಾತು ಹೆಚ್ಚಾಗಿದ್ದರೆ ರಕ್ತ ಬೀಳುತ್ತಿತ್ತು.

ಕಾಕಾ ಅವರ ನಡುವೆ ಹೋಗಿ ನಿಂತ. "ತಪ್ಪು ನಿಮ್ದಲ್ಲ, ಈ ಶಾಣ್ಯಾಂದು. ಮೊದ್ಲ ಇವನ್ನ ಕಾಲವ್ಯಾಗ ಒಗೀರಿ, ಆಮ್ಯಾಲ ನೀರು ಬಿಡತೇನಿ."

ಒಬ್ಬ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಬ್ಯಾಡ ಬಿಡು ಕಾಕಾ, ನೀರು ಹೊಲಸಾಗತೈತಿ."

ಸಲಿಕೆ ಇಳಿಯಿತು. ಕಾಕಾ ಇಡೀ ಪಾಳಿಯನ್ನು ಬಾಯಿಂದ ಹೇಳಿ, ಇಬ್ಬರಿಂದಲೂ ತಿರುಗಿ ಹೇಳಿಸಿದ. ಆಮೇಲೆ ತೂಬು ಎತ್ತಿ, ಕಿವಿಯ ಹಿಂದೆ ಕೈಯಿಟ್ಟು ಕೂತ.

ಕಾಕಾ ತೀರಿಕೊಂಡು ಎರಡು ಸುಗ್ಗಿಯಾಯಿತು. ಈಗ ನಾನು ಬರೆಯುವ ಯಾವ ಪುಟವೂ ತಾನಾಗಿ "ಇಳಿಯಿತು" ಎನ್ನುವುದಿಲ್ಲ. ಫೈಲ್ ತೆರೆದು ನೋಡಿ ಎನ್ನುತ್ತದೆ. ನೋಡಿದವರು "ಬಂತು" ಎಂಬ ಗುಂಡಿ ಒತ್ತುವವರೆಗೆ ಫೈಲನ್ನು ತನ್ನಲ್ಲೇ ಹಿಡಿದುಕೊಂಡು ಕಾಯುತ್ತದೆ. ಅಂದು ಎದ್ದದ್ದು ಎರಡೂ ಸಲಿಕೆಯೋ, ಒಂದೇ ಇತ್ತೋ, ಈಗ ಖಾತ್ರಿಯಿಲ್ಲ. ಆದರೆ ಆ ಒಂದು "ಬಂತು" ಬರುವವರೆಗೆ ನನಗೆ ಇಂದಿಗೂ ಜೀವದಲ್ಲಿ ಜೀವ ಇರುವುದಿಲ್ಲ.